ಕಾರ್ಡಿನ ಮೇಲೆ ಎರಡು ಸೊನ್ನೆ

ಕಾಯಿಲೆಗಿಂತ ಮೊದಲು ನನಗೆ ಹೊಟ್ಟೆಕಿಚ್ಚು ಬಂದಿತ್ತು. ಕಾಯಿಲೆ ಏಳು ತಿಂಗಳಲ್ಲಿ ವಾಸಿಯಾಯಿತು. ಹೊಟ್ಟೆಕಿಚ್ಚಿನ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳಲಾರೆ. ಆದರೂ ಎರಡನ್ನೂ ಕೂಡಿಸಿಯೇ ಹೇಳಬೇಕು. ಹೊಟ್ಟೆಕಿಚ್ಚು ಇಲ್ಲದಿದ್ದರೆ ನನ್ನ ಕಾಯಿಲೆ ಅಷ್ಟು ಬೇಗ ಪತ್ತೆಯಾಗುತ್ತಲೇ ಇರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನಾನು ನರ್ಸ್. ಸರಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರಿತ್ತು, ಊರವರಿಗೆ ಮಾತ್ರ ನಾನು ನರ್ಸಬಾಯಿ. ಬಸುರಿಯರ ತಪಾಸಣೆ, ಕೂಸುಗಳಿಗೆ ಲಸಿಕೆ, ಕೆಮ್ಮಿನವರ ಕಫ ಹಿಡಿದು ಪರೀಕ್ಷೆಗೆ ಕಳಿಸುವುದು, ಎಲ್ಲವೂ ನನ್ನ ತಲೆಯ ಮೇಲೆ. ತಿಂಗಳ ಕೊನೆಗೆ ತಾಲೂಕಿನ ನರ್ಸುಗಳೆಲ್ಲ ಬ್ಯಾಡಗಿಯಲ್ಲಿ ಮೀಟಿಂಗಿಗೆ ಸೇರಬೇಕು. ಒಂದೊಂದೇ ಉಪಕೇಂದ್ರದ ಹೆಸರು ಕೂಗಿ ಗುರಿ ಎಷ್ಟು, ಸಾಧನೆ ಎಷ್ಟು ಎಂದು ಎಲ್ಲರೆದುರು ಓದುತ್ತಾರೆ. ಆ ಅಂಕಿಗಳು ಹಾವೇರಿಗೆ ಹೋಗುತ್ತವೆ, ಅಲ್ಲಿಂದ ಬೆಂಗಳೂರಿಗೆ. ಇಡೀ ತಿಂಗಳು ಬಿಸಿಲಲ್ಲಿ ಅಲೆದದ್ದು ಅಲ್ಲಿ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತಿತ್ತು.

ಆ ಅರ್ಧ ನಿಮಿಷದ ರಾಣಿ ಸುನಂದಾ. ಮೋಟೆಬೆನ್ನೂರಿನ ಕಡೆ ಅವಳ ಉಪಕೇಂದ್ರ. ನನಗಿಂತ ಐದು ವರ್ಷ ಚಿಕ್ಕವಳು, ನೌಕರಿಗೆ ಸೇರಿದ್ದೂ ನನ್ನ ನಂತರ. ಹೆಸರು ಕೂಗಿದ ಕೂಡಲೇ ಎದ್ದು ನಿಂತು, ಕಾಗದ ನೋಡದೆ ಅಂಕಿ ಹೇಳುತ್ತಿದ್ದಳು. ಎಲ್ಲದರಲ್ಲೂ ಅವಳದೇ ಮೇಲು. ಅವಳ ಅಂಕಿ ಓದುವಾಗ ನಾನು ಬೇಕಂತಲೇ ಪರ್ಸಿನೊಳಗೆ ಏನೋ ಹುಡುಕುತ್ತಿದ್ದೆ. ಅವಳ ಸೀರೆಯ ಗಂಜಿ, ಅವಳ ಅಕ್ಷರ, ಅವಳು ಎಲ್ಲರಿಗೂ "ಅಕ್ಕಾರ" ಎನ್ನುವ ರೀತಿ, ಯಾವುದೂ ನನಗೆ ಸೇರುತ್ತಿರಲಿಲ್ಲ. ಇಷ್ಟು ಅಂಕಿ ಖರೇ ಇರಲಿಕ್ಕಿಲ್ಲ, ಮನೆಯಲ್ಲಿ ಕುಳಿತು ಬರೆಯುತ್ತಾಳೆ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದ್ದೆ.

ಆ ವರ್ಷ ಜನವರಿಯ ಮೀಟಿಂಗಿನಲ್ಲಿ ಟಿ.ಬಿ. ವಿಭಾಗದ ಸೂಪರ್‌ವೈಜರ್ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

"ಶಾರದಾ ಸಿಸ್ಟರ್, ನಿಮ್ಮ ಊರಾಗ ಯಾರೂ ಕೆಮ್ಮೂದಿಲ್ಲೇನ್ರಿ? ಈ ತಿಂಗಳೂ ಒಂದ ಕಫಾ ಬಂದಿಲ್ಲ. ಸುನಂದಾ ಸಿಸ್ಟರ್ ನೋಡ್ರಿ, ಎಂಟು ಮಂದೀನ ಕಳಿಸ್ಯಾರ."

ಸಭೆಯಲ್ಲಿ ಯಾರೋ ನಕ್ಕರು. ಸುನಂದಾ ನಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಮಾರನೆಯ ದಿನವೇ ಊರಿನಲ್ಲಿ ಕೆಮ್ಮುವವರನ್ನು ಹುಡುಕಿ ಹೊರಟೆ. ಗಂಡಸರು ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ಸಿಕ್ಕವಳು ಫಕ್ಕೀರವ್ವ, ಅರವತ್ತು ದಾಟಿದ ಮುದುಕಿ. ವರ್ಷವಿಡೀ ಕೆಮ್ಮುವವಳು. ಕಫದ ಡಬ್ಬಿ ಕಂಡ ಕೂಡಲೇ ಬಾಗಿಲಿಗೆ ಅಡ್ಡ ನಿಂತಳು.

"ಉಗುಳು ಕೊಡಾಕ ನಾ ಏನ ಹುಚ್ಚಿ ಏನವಾ? ನಾಳೆ ಫಕ್ಕೀರವ್ವಗ ದೊಡ್ಡ ಬ್ಯಾನಿ ಐತಿ ಅಂತ ಊರ ತುಂಬ ಹಬ್ಬಸ್ತಾರ. ಮೊಮ್ಮಗಳ ಲಗ್ನ ಆಗೂದೈತಿ. ನಡಿ, ನಡಿ."

ನಾಲ್ಕು ದಿನ ಅಲೆದರೂ ಡಬ್ಬಿಗಳು ಚೀಲದಲ್ಲಿ ಖಾಲಿಯೇ ಉಳಿದವು. ಸೂಪರ್‌ವೈಜರ್ ಎರಡು ಸಲ ಹೇಳಿ ಕಳಿಸಿದರು. ಸುನಂದಾಳ ಎಂಟು ನನ್ನ ಕಣ್ಣೆದುರಿಗೇ ಕುಣಿಯುತ್ತಿತ್ತು. ಒಂದು ಬೆಳಿಗ್ಗೆ ಉಪಕೇಂದ್ರದ ಬಾಗಿಲು ಹಾಕಿಕೊಂಡು, ಫಕ್ಕೀರವ್ವನ ಹೆಸರು ಬರೆದ ಡಬ್ಬಿಗಳಲ್ಲಿ ನಾನೇ ಕೆಮ್ಮಿ ಉಗುಳಿದೆ. ನನಗೂ ಆಗ ಕೆಮ್ಮಿತ್ತು. ಮುಚ್ಚಳ ಹಾಕಿ, ಕಾಗದ ಬರೆದು, ಲ್ಯಾಬಿಗೆ ಕಳಿಸಿ, ಕೈ ತೊಳೆದುಕೊಂಡೆ.

ನನ್ನ ಕೆಮ್ಮಿನ ಬಗ್ಗೆ ನನಗೇಕೆ ಅನುಮಾನ ಬರಲಿಲ್ಲ ಎಂದು ಹೊರಗಿನವರು ಕೇಳಬಹುದು. ಮೂರು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ಗೋಡೆಯ ಮೇಲೆ ಬರೆಸಿದವಳೇ ನಾನು. ಆದರೆ ನಮ್ಮ ಬಾಡಿಗೆ ಮನೆ ಇದ್ದದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ಹಿಂದೆ. ನಮ್ಮ ಮನೆಯವರು ಅಲ್ಲಿನ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಸುಗ್ಗಿಯಲ್ಲಿ ಚೀಲಗಳು ಬಿದ್ದ ಹಾಗೆಲ್ಲ ಘಾಟು ಎದ್ದು ಓಣಿಗೆ ಓಣಿಯೇ ಕೆಮ್ಮುತ್ತದೆ. ಬಂದ ನೆಂಟರು ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ಅಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

"ಕಾಯಿ ಘಾಟು ಅದು. ಸುಗ್ಗಿ ಮುಗದ ಮ್ಯಾಲ ತಾನ ಹೋಗ್ತೈತಿ," ಎಂದು ಅತ್ತೆ ಬೆಲ್ಲದ ನೀರು ಕಾಸಿ ಕೊಡುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಸಂಜೆಗೆ ಮೈ ಬೆಚ್ಚಗಾಗುವುದು ದಣಿವಿನಿಂದ ಅನ್ನಿಸಿತ್ತು. ತೂಕ ಇಳಿದದ್ದು ಮಾತ್ರ ಖುಷಿಯೇ ಆಗಿತ್ತು. ಈಗ ಸೀರೆ ಸುನಂದಾಳಿಗಿಂತ ನನಗೇ ಚೆನ್ನಾಗಿ ಕೂಡುತ್ತದೆ ಎಂದು ಕನ್ನಡಿಯ ಮುಂದೆ ನಿಂತು ನೋಡಿಕೊಂಡದ್ದೂ ಉಂಟು.

ಮೂರು ದಿನಕ್ಕೆ ಸೂಪರ್‌ವೈಜರ್ ಉಪಕೇಂದ್ರಕ್ಕೆ ಬಂದರು. ಮುಖದಲ್ಲಿ ಸಂಭ್ರಮ.

"ನಿಮ್ಮ ಫಕ್ಕೀರವ್ವ ಪಾಸಿಟಿವ್ ಬಂದಾಳ್ರಿ ಸಿಸ್ಟರ್! ನೋಡ್ರಿ, ಹುಡುಕಿದ್ರ ಸಿಗ್ತಾರ. ನಡೀರಿ, ಮನಿ ತೋರಸ್ರಿ. ವಿಳಾಸ ನೋಡಿ ಔಷಧ ಚಾಲೂ ಮಾಡೋಣು."

ಮುದುಕಿ ಹೊಲಕ್ಕೆ ಹೋಗಿದ್ದಾಳೆ, ನಾಳೆ ಬನ್ನಿ ಎಂದು ಬಾಯಿಗೆ ಬಂದದ್ದು ಹೇಳಿ ಕಳಿಸಿದೆ. ಆಮೇಲೆ ಕುರ್ಚಿಯ ಮೇಲೆ ಕುಳಿತೆ. ಆ ಡಬ್ಬಿಯಲ್ಲಿದ್ದದ್ದು ನನ್ನ ಕಫ, ಟಿ.ಬಿ. ಬಂದದ್ದು ನನಗೆ.

ಮೊದಲು ಬಂದದ್ದು ಕಳ್ಳ ಯೋಚನೆಯೇ. ಫಕ್ಕೀರವ್ವನ ಹೆಸರಿನಲ್ಲಿ ಔಷಧದ ಪೆಟ್ಟಿಗೆ ನನ್ನ ಕೇಂದ್ರಕ್ಕೇ ಬರುತ್ತದೆ. ದಿನ ತಪ್ಪದೆ ನಾನೇ ನುಂಗಿ, ಕಾರ್ಡಿನಲ್ಲಿ ನಾನೇ ಗುರುತು ಹಾಕಿ, ಆರು ತಿಂಗಳಿಗೆ ಅವಳನ್ನು ಗುಣಪಡಿಸಿಬಿಡಬಹುದು. ಅಂಕಿಯೂ ಸಿಗುತ್ತದೆ, ಗುಟ್ಟೂ ಉಳಿಯುತ್ತದೆ. ಸಂಜೆ ಮನೆಗೆ ಹೋದಾಗ ನನ್ನ ಐದು ವರ್ಷದ ಮಗಳು ಓಡಿ ಬಂದು ಕೊರಳಿಗೆ ಜೋತುಬಿದ್ದಳು. ನಾನು ಮುಖ ಆಚೆ ತಿರುಗಿಸಿದೆ. ಇವಳಿಗೂ ತಗುಲಿದ್ದರೆ ಯಾರ ಹೆಸರಿನಲ್ಲಿ ಪರೀಕ್ಷೆ ಮಾಡಿಸಲಿ?

ಬೆಳಿಗ್ಗೆ ಬ್ಯಾಡಗಿ ಆಸ್ಪತ್ರೆಯ ಡಾಕ್ಟರ್ ಮೇಡಂ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಫಕ್ಕೀರವ್ವಂದಲ್ಲ ಅದು?"

"ನಂದ್ರಿ ಮೇಡಂ."

"ಅಂಕಿ ಸಂಬಂಧ ಹಿಂಗ ಮಾಡಿದ್ರಿ?"

ನಾನು ಹೌದೆಂದು ಗೋಣು ಹಾಕಿದೆ. ಸುನಂದಾಳ ಸಂಬಂಧ ಎಂಬುದನ್ನು ಮಾತ್ರ ಬಚ್ಚಿಟ್ಟೆ.

"ನಿಮಗ ಮೆಮೊ ಕೊಡೂದೈತಿ, ಅದು ಆಮ್ಯಾಲ. ಮೊದಲ ನಿಮ್ಮ ಹೆಸರಲೇ ಕಫಾ ಕೊಡ್ರಿ. ಹಾವೇರಿಗೆ ಹೋಗಿ ಎಕ್ಸ್‌ರೇ ತಗಸ್ರಿ. ಮಗಳನ್ನೂ ಕರಕೊಂಡ ಬರ್ರಿ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಆ ಮುದುಕಿ ಡಬ್ಬಿ ಖಾಲಿ ಬಿಟ್ಟಿದ್ರ ನೀವು ಯಾವಾಗ ಬರತಿದ್ರಿ ಅಂತ ಯೋಚನಿ ಮಾಡ್ರಿ," ಎಂದರು.

ಹಾವೇರಿಯಲ್ಲಿ ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನ ಮೇಲೆ ನಾನೂ ನಮ್ಮ ಮನೆಯವರೂ ಮೂರು ತಾಸು ಕುಳಿತಿದ್ದೆವು. ಪಕ್ಕದಲ್ಲಿ ಕಾಲು ಮುರಿದುಕೊಂಡ ಒಬ್ಬಳಿದ್ದಳು. ಹೋಗುವವರು ಬರುವವರೆಲ್ಲ ನಿಂತು, ಹೇಗಾಯಿತು, ಯಾವಾಗ ಬಿದ್ದೆ ಎಂದು ಕೇಳುತ್ತಿದ್ದರು. ಅವಳು ಎಲ್ಲರಿಗೂ ಎತ್ತರದ ದನಿಯಲ್ಲಿ ಹೇಳುತ್ತಿದ್ದಳು. ಅವಳನ್ನು ಕಂಡು ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಎಲ್ಲರಿಗೂ ತೋರಿಸಿ ಹೇಳಿಕೊಳ್ಳುವಂಥ ಕಾಯಿಲೆ ಅವಳಿಗೆ ಸಿಕ್ಕಿತ್ತು. ನನ್ನ ಹೆಸರು ಕೂಗಿದಾಗ ಪರಿಚಯದವರು ಇದ್ದಾರೇನೋ ಎಂದು ನಾನು ಮೊದಲು ಸುತ್ತ ನೋಡಿದೆ.

ನಮ್ಮ ಮನೆಯವರು ಹೆಚ್ಚು ಮಾತಿನವರಲ್ಲ. ಆಸ್ಪತ್ರೆಯಿಂದ ಹೊರಬಂದ ಮೇಲೆ ಒಂದು ಪೊಟ್ಟಣ ಮಂಡಕ್ಕಿ ಗಿರ್ಮಿಟ್ ಕೊಂಡರು. ನಾನು ನನ್ನ ಪಾಲು ಬೇರೆ ಕಾಗದಕ್ಕೆ ಹಾಕಿಕೊಳ್ಳಲು ಹೋದೆ.

"ಸುಮ್ನ ತಿನ್ನು," ಎಂದು ಕಾಗದ ಕಸಿದುಕೊಂಡು, ನಾನು ಕೈ ಹಾಕಿದಲ್ಲಿಯೇ ಅವರೂ ಕೈ ಹಾಕಿದರು. ಬಸ್ ನಿಲ್ದಾಣದಲ್ಲಿ ನಿಂತು ಇಬ್ಬರೂ ಅದನ್ನು ಖಾಲಿ ಮಾಡಿದೆವು.

ಮನೆಯಲ್ಲಿ ಅತ್ತೆ ನನಗೊಂದು ತಾಟು, ಒಂದು ಲೋಟ ಬೇರೆ ಮಾಡಿ ಕಿಟಕಿಯಲ್ಲಿಟ್ಟರು. ಮಗಳನ್ನು ತಮ್ಮ ಮಗ್ಗುಲಿಗೆ ಮಲಗಿಸಿಕೊಂಡರು. ಮಗಳಿಗೆ ಏನೂ ತಗುಲಿರಲಿಲ್ಲ, ಸದ್ಯ. ತಾಟು ಬೇರೆ ಬೇಕಾಗಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ನಾನು ನಮ್ಮ ಅಡುಗೆಮನೆಯಲ್ಲಿ ಹೇಳಲಾರದೆ ಹೋದೆ. ಆಚೆ ಕೋಣೆಯಿಂದ ಮಗಳ ನಗು ಕೇಳಿಸಿದಾಗ ಅತ್ತೆಯ ಮೇಲೂ ಹೊಟ್ಟೆಕಿಚ್ಚು. ಕಚೇರಿಗೆ ಮಾತ್ರ ಕಾಮಾಲೆ ಎಂದು ರಜೆ ಚೀಟಿ ಕಳಿಸಿದೆ. ಗೆಳತಿಯರು ಪಾಪ, ಕಬ್ಬಿನ ಹಾಲು ತಂದುಕೊಟ್ಟು ಹೋದರು.

ಗುಳಿಗೆಯನ್ನು ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಇನ್ನೊಬ್ಬರ ಕಣ್ಣೆದುರು ನುಂಗಬೇಕು. ಅದೇ ಈ ಚಿಕಿತ್ಸೆಯ ನಿಯಮ. ಎಷ್ಟೋ ಜನರನ್ನು ನಾನೇ ಎದುರಿಗೆ ಕೂರಿಸಿಕೊಂಡು ನುಂಗಿಸಿದ್ದೆ.

"ನಿಮ್ಮನ್ನ ನೀವ ನೋಡ್ಕೊಳ್ಳಾಕ ಬರೂದಿಲ್ಲ," ಎಂದರು ಡಾಕ್ಟರ್. "ಇಲ್ಲಿ ಬ್ಯಾಡಗ್ಯಾಗ ಎಲ್ಲಾರೂ ನಿಮ್ಮ ಗುರುತಿನವರು. ಸುನಂದಾ ಕಡೆ ಹೋಗ್ರಿ. ಬಸ್ಸಿನ ದಾರಿ ಐತಿ, ಆಕಿ ಯಾರ ಮುಂದೂ ಬಾಯಿ ಬಿಡೂದಿಲ್ಲ."

ಇಡೀ ತಾಲೂಕಿನಲ್ಲಿ ಇನ್ಯಾರೂ ಇರಲಿಲ್ಲವೇ! ನಾನು ಬದುಕಿದರೆ "ಗುಣಮುಖ" ಎಂಬ ಅಂಕಿ ಅವಳ ರಜಿಸ್ಟರಿಗೆ ಸೇರುತ್ತದೆ. ಅವಳ ಸಾಧನೆಗೆ ಇನ್ನೊಂದು ಗರಿ, ಅದೂ ನನ್ನ ಎದೆಯಿಂದ ಕಿತ್ತದ್ದು.

ಮೊದಲ ದಿನ ಅವಳ ಮುಖದಲ್ಲಿ ಗೆದ್ದ ನಗು ಹುಡುಕಿದೆ. ಸಿಗಲಿಲ್ಲ. ಕಪಾಟಿನಿಂದ ನನ್ನ ಹೆಸರಿನ ಪೆಟ್ಟಿಗೆ ತೆಗೆದು ಏಳು ಗುಳಿಗೆ ನನ್ನ ಅಂಗೈಗೆ ಹಾಕಿದಳು.

"ಖಾಲಿ ಹೊಟ್ಟೀಲೆ ಬಂದೀರಿ ಅಕ್ಕಾರ, ವಾಕರಿಕಿ ಬರ್ತೈತಿ. ಎರಡ ತುತ್ತು ಅವಲಕ್ಕಿ ತಿನ್ರಿ, ಆಮ್ಯಾಲ ನುಂಗೀರಂತ."

ಏಳನ್ನೂ ನುಂಗಿದೆ. ಬಾಯಿ ತೆರೆದು ತೋರಿಸು ಎಂದು ನಾನು ನನ್ನ ರೋಗಿಗಳಿಗೆ ಹೇಳುತ್ತಿದ್ದೆ. ಅವಳು ಹೇಳಲಿಲ್ಲ. ಕಾರ್ಡಿನ ಚೌಕದಲ್ಲಿ ಒಂದು ಗುರುತು ಹಾಕಿದಳು. ಅವಳು ಒಳ್ಳೆಯವಳಾಗಿದ್ದದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ವಾರಕ್ಕೆ ಮೂರು ಸಲ ಅಲ್ಲಿ ಕುಳಿತು ಅವಳ ಕೆಲಸ ನೋಡುವಂತಾಯಿತು. ಜನ ಹೊಲಕ್ಕೆ ಹೊರಡುವ ಮೊದಲೇ ಅವಳು ಓಣಿ ಸುತ್ತಿ ಬಂದಿರುತ್ತಿದ್ದಳು. ಮುದುಕರ ಎದುರು ತಾನೇ ಒಂದು ಖಾಲಿ ಡಬ್ಬಿ ಹಿಡಿದು, "ಹಿಂಗ್ರಿ ಅಜ್ಜಾರ, ಎದಿಯಿಂದ ತಗೀರಿ, ಗಂಟಲದ್ದು ಬ್ಯಾಡ," ಎಂದು ಕೆಮ್ಮಿ ತೋರಿಸುತ್ತಿದ್ದಳು. ಅವರು ನಗುತ್ತ ನಗುತ್ತ ಕೊಡುತ್ತಿದ್ದರು. ಎಂಟು ಎಂದರೆ ಎಂಟೂ ಖರೇ ಮನುಷ್ಯರು. ಅವಳ ಅಂಕಿ ಸುಳ್ಳಿರಬಹುದು ಎಂಬ ನನ್ನ ಒಂದೇ ಸಮಾಧಾನವೂ ಹೋಯಿತು.

ಎರಡು ತಿಂಗಳಿಗೆ ಮತ್ತೆ ಕಫ ಪರೀಕ್ಷೆ. ನನ್ನ ವಾರದಲ್ಲೇ ಔಷಧ ಶುರು ಮಾಡಿದ ಒಬ್ಬ ಟೇಲರ್ ಇದ್ದ, ನನಗಿಂತ ಹೆಚ್ಚು ಸೊರಗಿದವನು. ಅವನದು ನೆಗೆಟಿವ್ ಬಂತು, ನನ್ನದು ಇನ್ನೂ ಪಾಸಿಟಿವ್. ಅವನು ಸುನಂದಾಳಿಗೆ ಪೇಢೆ ಕೊಟ್ಟ, ನನಗೂ ಒಂದು ಕೊಟ್ಟ. ನಾನು ಅದನ್ನು ಕಾಗದದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡೆ.

"ಇನ್ನೊಂದ ತಿಂಗಳ ಇದ ಏಳು ಗುಳಿಗಿ, ಅಷ್ಟ ಅಕ್ಕಾರ," ಎಂದಳು ಸುನಂದಾ. ಹೇಳುವಾಗ ಸಣ್ಣಗೆ ನಕ್ಕಳು. ಸಮಾಧಾನಕ್ಕೆ ನಕ್ಕಿದ್ದಾಳೆ ಎಂದು ಈಗ ಗೊತ್ತು. ಅಂದು ನನಗೆ ಕಾಣಿಸಿದ್ದು ಬೇರೆ.

ಭಾನುವಾರ ಬ್ಯಾಗು ತುಂಬಿಕೊಂಡು ಕುಪ್ಪೇಲೂರಿಗೆ, ನನ್ನ ಅಕ್ಕನ ಮನೆಗೆ ಹೋಗಿಬಿಟ್ಟೆ. ರಾಣೇಬೆನ್ನೂರಿಗೆ ವರ್ಗ ಮಾಡಿಸಿಕೊಂಡು ಅಲ್ಲಿಯೇ ಔಷಧ ಮುಗಿಸುತ್ತೇನೆ, ಗುಣವಾದದ್ದು ಬೇರೆ ಯಾರ ಲೆಕ್ಕಕ್ಕಾದರೂ ಹೋಗಲಿ, ಅವಳಿಗೆ ಮಾತ್ರ ಬೇಡ ಎಂಬ ಹಟ. ವರ್ಗದ ಕಾಗದ ಮಾಡಿಸದೆ ಗುಳಿಗೆ ಸಿಗುವುದಿಲ್ಲ ಎಂದು ಗೊತ್ತಿದ್ದವಳೇ ನಾನು. ಸೋಮವಾರ, ನಾಳೆ ಹೋದರಾಯಿತು ಅಂದುಕೊಂಡೆ. ಬುಧವಾರವೂ ಹಾಗೆಯೇ ಅಂದುಕೊಂಡೆ. ವಾಕರಿಕೆ ಇಲ್ಲದೆ ಉಂಡ ಎರಡು ಊಟ ಬಹಳ ರುಚಿಯೆನಿಸಿತು.

ಶುಕ್ರವಾರ ಬೆಳಿಗ್ಗೆ ಸುನಂದಾ ಅಕ್ಕನ ಅಂಗಳದಲ್ಲಿ ನಿಂತಿದ್ದಳು. ಬ್ಯಾಡಗಿಯಿಂದ ರಾಣೇಬೆನ್ನೂರು, ಅಲ್ಲಿಂದ ಇನ್ನೊಂದು ಬಸ್ಸು. ಆಫೀಸಿನ ಗೆಳತಿ ಎಂದು ಅಕ್ಕನಿಗೆ ಹೇಳಿ, ನನ್ನನ್ನು ಕೊಟ್ಟಿಗೆಯ ಪಕ್ಕಕ್ಕೆ ಕರೆದಳು.

"ಮಂಗಳಾರ ನಿಮ್ಮ ಮನಿಗೆ ಹೋಗಿದ್ದೆ. ನಿಮ್ಮ ಅತ್ತಿಯಾರು ಊರ ಹೆಸರು ಬಾಯಿ ಬಿಡಲಿಲ್ಲ. ನಿನ್ನೆ ನಿಮ್ಮ ಮನಿಯವರು ಹೇಳಿದ್ರು, ಆದ್ರ ಲಸಿಕಿ ದಿನ, ಕೂಸುಗೋಳನ್ನ ಬಿಟ್ಟು ಬರಾಕ ಆಗಲಿಲ್ರಿ." ಕರವಸ್ತ್ರದಲ್ಲಿ ಕಟ್ಟಿದ್ದ ಗುಳಿಗೆ ಬಿಚ್ಚಿದಳು.

"ನಾ ರಾಣೇಬೆನ್ನೂರಾಗ ತಗೋತೇನಿ," ಎಂದೆ. "ನಿನ್ನ ರಜಿಸ್ಟರ್ ತುಂಬಸಾಕ ನಾನ ಬೇಕೇನು?"

ಅಂದುಬಿಟ್ಟೆ. ಅಷ್ಟು ವರ್ಷ ಒಳಗಿದ್ದದ್ದು. ಅವಳ ಮುಖ ಸಣ್ಣದಾಯಿತು.

"ನಮ್ಮ ರಜಿಸ್ಟರ್‌ನ್ಯಾಗ ನಿಮ್ಮ ಹೆಸರು ಬ್ಯಾಡಂದ್ರ ಇವತ್ತ ರಾಣೇಬೆನ್ನೂರಿಗೆ ಬರಸಿ ಕೊಡ್ತೇನ್ರಿ. ಯಾರ ಲೆಕ್ಕಕ್ಕರ ಹೋಗ್ಲಿ. ಈಗ ಇವಿಷ್ಟು ನುಂಗ್ರಿ ಅಕ್ಕಾರ." ಗುಳಿಗೆಗಳನ್ನು ನನ್ನ ಮುಂದೆ ಹಿಡಿದಳು. "ಕಳದ ವರ್ಷ ನಮ್ಮ ಕಡೆ ಒಬ್ಬಾಕಿ ಹಿಂಗ ನಡಕ ಗುಳಿಗಿ ಬಿಟ್ಟಳು. ನಾಲ್ಕ ದಿನ ಬಿಟ್ಟು ನೋಡೋಣು ಅಂದೆ ನಾ. ಆಕಿ ಹೆಸರಿನ ಮುಂದ ಕಡೀಕೆ ಏನ ಬರದೆ ಅಂತ ನೀವೂ ಮೀಟಿಂಗಿನ್ಯಾಗ ಕೇಳೀರಿ."

ಕೇಳಿದ್ದೆ. "ಮರಣ: ಒಂದು" ಎಂದು ಓದಿದ್ದರು. ಅವಳ ಸಾಧನೆ ಆ ತಿಂಗಳು ಕೆಳಗಿಳಿದಿತ್ತು. ನಾನು ಆ ದಿನ ಮನೆಗೆ ಖುಷಿಯಿಂದ ಹೋಗಿದ್ದೆ, ದಾರಿಯಲ್ಲಿ ಮಗಳಿಗೆ ಬಿಸ್ಕತ್ತು ಕೊಂಡಿದ್ದೆ. ಅದು ನೆನಪಾಗಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಅಕ್ಕನ ಮನೆಯ ಚರಿಗೆಯಲ್ಲಿ ನೀರು ತಂದು ಏಳೂ ಗುಳಿಗೆ ನುಂಗಿದೆ.

ಅವಳು ಚೀಲದಿಂದ ಕಾರ್ಡು ತೆಗೆದು, ಸೋಮವಾರ ಮತ್ತು ಬುಧವಾರದ ಚೌಕಗಳಲ್ಲಿ ಎರಡು ಸೊನ್ನೆ ಬರೆದಳು.

"ಅವನ್ನೂ ತಗೊಂಡಾರ ಅಂತ ಹಾಕಿಬಿಡು. ಯಾರಿಗೆ ಗೊತ್ತಾಗ್ತೈತಿ?" ಎಂದೆ. ನನ್ನ ಕೈಯ ಅಭ್ಯಾಸ ಅದು.

"ಮುಂದ ನಿಮ್ಮ ಕಫದಾಗ ಹೆಚ್ಚುಕಮ್ಮಿ ಬಂದ್ರ ಯಾಕ ಬಂತು ಅಂತ ಡಾಕ್ಟರಿಗೆ ಗೊತ್ತಾಗಬೇಕಲ್ರಿ," ಎಂದಳು. ಅವಳಿಗೆ ಅದು ವಾದವೂ ಅಲ್ಲ, ಉಪದೇಶವೂ ಅಲ್ಲ. ನಾನು ಹತ್ತು ವರ್ಷ ತುಂಬಿದ ಚೌಕಗಳು ಯಾತಕ್ಕಿವೆ ಎಂದು ಆ ಕೊಟ್ಟಿಗೆಯ ಪಕ್ಕದಲ್ಲಿ ನನಗೆ ಮೊದಲ ಸಲ ತಿಳಿಯಿತು.

ಅವಳ ಹಿಂದೆಯೇ ಬಸ್ ಹತ್ತಿ ವಾಪಸು ಬಂದೆ. ಮೂರನೆಯ ತಿಂಗಳ ಕೊನೆಗೆ ಕಫ ನೆಗೆಟಿವ್ ಆಯಿತು. ಆಮೇಲೆ ಗುಳಿಗೆಗಳು ಕಡಿಮೆಯಾದವು. ನಾಲಗೆಗೆ ರುಚಿ ಬಂತು. ಒಂದು ದಿನ ಕಿಟಕಿಯಲ್ಲಿ ನನ್ನ ತಾಟು ಕಾಣಲಿಲ್ಲ. ನೋಡಿದರೆ ಅತ್ತೆ ಅದನ್ನು ಎಲ್ಲರ ತಾಟುಗಳ ಜೊತೆ ತೊಳೆದು ಬೋರಲು ಹಾಕಿದ್ದರು. ಮೆಮೊ ಬಂತು, ಉತ್ತರ ಬರೆದುಕೊಟ್ಟೆ.

ಕೆಲಸಕ್ಕೆ ಮರಳಿದ ಮೇಲೆ ಮೊದಲು ಹೋದದ್ದು ಫಕ್ಕೀರವ್ವನ ಮನೆಗೆ. ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದೆ, ನನಗೇನಾಗಿತ್ತು ಎಂಬುದನ್ನೂ.

"ಅಂದ್ರ ನನ್ನ ಹೆಸರಲೇ ನೀ ಬದುಕಿಕೊಂಡಿ ಅನ್ನು," ಎಂದಳು ಮುದುಕಿ. "ತಾ ಆ ಡಬ್ಬಿ. ಹೆಂಗ ಉಗುಳಬೇಕು ತೋರಸು." ಡಬ್ಬಿ ಹಿಡಿದು, ಎದೆಯಿಂದ ಕೆಮ್ಮಿ ತೋರಿಸಿದೆ. ಅವಳ ಕಫದಲ್ಲಿ ಏನೂ ಸಿಗಲಿಲ್ಲ, ಅದು ಹಳೆಯ ದಮ್ಮು. ಅವಳನ್ನು ನೋಡಿ ಪಕ್ಕದ ಮನೆಯವನೂ ಕೊಟ್ಟ.

ನನ್ನ ಚಿಕಿತ್ಸೆ ಮುಗಿದ ತಿಂಗಳ ಮೀಟಿಂಗಿಗೆ ಹೊಸ ಸೂಪರ್‌ವೈಜರ್ ಬಂದಿದ್ದರು. ಹಳಬರಿಗೆ ವರ್ಗವಾಗಿತ್ತು. ಹೊಸಬರು ಬಹಳ ಶಿಸ್ತಿನವರು, ಮುಗಿದ ಕಾರ್ಡುಗಳನ್ನೆಲ್ಲ ತಿರುವಿ ಹಾಕಿಕೊಂಡು ಬಂದಿದ್ದರು. ರೋಗಿಯ ಹೆಸರು ಹೇಳದೆ ನಂಬರು ಮಾತ್ರ ಓದಿ, "ಸುನಂದಾ ಸಿಸ್ಟರ್," ಎಂದರು. ಅವಳು ಎದ್ದು ನಿಂತಳು.

"ಈ ಕಾರ್ಡಿನ್ಯಾಗ ಎರಡು ಸೊನ್ನಿ ಅದಾವ. ಅದೂ ಮೂರನೇ ತಿಂಗಳದಾಗ. ಪೇಷಂಟ್ ಬರಲಿಲ್ಲಂದ್ರ ಹುಡಿಕ್ಕೊಂಡು ಹೋಗಾಕ ಏನಾಗಿತ್ತು? ಮನಿಯಾಗ ಕುಂತಿದ್ರೇನು? ನಿಮ್ಮ ಹೆಸರು ಭಾಳ ಕೇಳಿದ್ದೆ ನಾ."

ಸುನಂದಾ ತಲೆ ತಗ್ಗಿಸಿದಳು. ಹಿಂದೆ ಯಾರೋ ಕಿಸಕ್ಕೆಂದರು. ಎಷ್ಟೋ ವರ್ಷದಿಂದ ನಾನು ಕಾದಿದ್ದ ಗಳಿಗೆ ಅದು, ತುಂಬಿದ ಸಭೆಯಲ್ಲಿ ಸುನಂದಾ ಬೈಸಿಕೊಳ್ಳುವುದು. ಸುಳ್ಳು ಹೇಳಲಾರೆ, ಒಂದು ಕ್ಷಣ ಹಿತವೆನಿಸಿತು. ಅವಳು ಬಾಯಿ ತೆರೆಯುತ್ತಾಳೆ, ನನ್ನ ಕಡೆ ನೋಡುತ್ತಾಳೆ ಅಂದುಕೊಂಡೆ. ಅವಳು ನೋಡಲಿಲ್ಲ. "ತಪ್ಪಾತ್ರಿ ಸರ್," ಎಂದಳು.

ನಾನು ಎದ್ದು ನಿಂತೆ.

"ಸರ್, ಆ ಸೊನ್ನಿ ನನ್ನವ್ರಿ."

"ಇದು ನಿಮ್ಮ ಕೇಂದ್ರದ್ದಲ್ಲ ಸಿಸ್ಟರ್. ಕುಂದ್ರಿ."

"ಕೇಂದ್ರ ಆಕೀದ್ರಿ. ಪೇಷಂಟ್ ನಾನು. ನಾ ಓಡಿ ಹೋಗಿದ್ದೆ. ಆಕಿ ಕುಪ್ಪೇಲೂರತನಾ ಹುಡಿಕ್ಕೊಂಡು ಬಂದಿದ್ಲು."

ನನ್ನ ಪಕ್ಕದಲ್ಲಿದ್ದ ಗೆಳತಿ, ಕಾಮಾಲೆಗೆಂದು ಕಬ್ಬಿನ ಹಾಲು ತಂದವಳು, ತನ್ನ ಊಟದ ಡಬ್ಬಿಯನ್ನು ಮೆಲ್ಲಗೆ ಆಚೆ ಸರಿಸಿದಳು. ಅದನ್ನು ನೋಡಿಯೂ ನಾನು ನಿಂತೇ ಇದ್ದೆ. ಸೂಪರ್‌ವೈಜರ್ ಕಾರ್ಡು ಮಗುಚಿದರು, ಸುನಂದಾಳ ಲೆಕ್ಕದ ಮುಂದಿನ ಸಾಲು ಓದಿದರು. ಗುಣಮುಖ: ಒಂದು. ಕಫ ಪರೀಕ್ಷೆಗೆ ಈ ತಿಂಗಳು ಕಳಿಸಿದ್ದು: ಒಂಬತ್ತು. ಒಂಬತ್ತು! ಹೊಟ್ಟೆಯೊಳಗೆ ಹಳೆಯ ಜಾಗದಲ್ಲಿ ಚುರ್ ಎಂದಿತು.

ಆಮೇಲೆ ನನ್ನ ಕೇಂದ್ರದ ಹೆಸರು ಬಂತು.

"ನಿಮ್ಮದು ಎರಡ ಏನ್ರಿ ಸಿಸ್ಟರ್?"

"ಎರಡ ರೀ ಸರ್," ಎಂದೆ. "ಖರೇನ ಎರಡು."